ಇಪ್ಪತ್ತೆರಡು ಹಲ್ಲಿನ ಜಗಳ

ನನ್ನ ಮೊಮ್ಮಗಳಿಗೆ ಹಲ್ಲು ಬಂತು. ಬೆಳಿಗ್ಗೆ ಮಗಳು ಹಿತ್ತಾಳೆ ಒಳಲೆಯಲ್ಲಿ ಹಾಲು ಕುಡಿಸುವಾಗ ಅದರ ಮೂತಿ ತಾಗಿ ಟಿಣ್ ಅಂತು. ಬೆರಳಿಟ್ಟು ನೋಡಿದೆ, ಕೆಳಗಿನ ವಸಡಿನಲ್ಲಿ ಅಕ್ಕಿನುಚ್ಚಿನಂಗೆ ಚುಚ್ಚಿತು. ಸಂತೋಷ ತಡೆಯಲಾರದೆ ಸಿರಾ ಬಸ್ಸಿನ ಕಂಡಕ್ಟರ್ ಕೈಲಿ ಬೀಗನಿಗೆ ಹೇಳಿಕಳಿಸಿದೆ: ಮಗೀಗೆ ಹಲ್ಲು ಬಂದೈತೆ, ಇವತ್ತಾದ್ರೂ ಬಂದು ಉಣ್ಣು.

ಬೀಗ ಅಂದ್ರೆ ಬೇರೆ ಯಾರೂ ಅಲ್ಲ, ನನ್ನ ಹೆಂಡತಿಯ ತಮ್ಮನೇ. ಅವನ ಮಗನಿಗೆ ನನ್ನ ಮಗಳನ್ನು ಕೊಟ್ಟಿದ್ದೀನಿ. ಮದುವೆಯಲ್ಲೂ ಧಾರೆ ಮುಗಿಸಿ ಹಸಿದ ಹೊಟ್ಟೆಯಲ್ಲೇ ಎದ್ದು ಹೋದವನು ಅವನು. ಕಾರಣ ಸೈಕಲ್ಲಿನ ಹಲ್ಲು.

ಎಪ್ಪತ್ತನೇ ಇಸವಿಯ ಆಚೀಚೆ ನಮ್ಮಿಬ್ಬರಿಗೂ ಒಂದೇ ಸೈಕಲ್. ಮಾರೋಕೆ ಕಂಬಳಿ ಹೇರಿಕೊಂಡು ಒಂದು ವಾರ ನಾನು ಮಧುಗಿರಿ, ಕೊರಟಗೆರೆ ಕಡೆ. ಇನ್ನೊಂದು ವಾರ ಅವನು ಸಿರಾ, ಪಾವಗಡ ಕಡೆ. ನಂದು ಏರುದಾರಿ. ಹಿಂದಿನ ಚಕ್ರದ ಫ್ರೀವೀಲು, ಅಂದ್ರೆ ಚೈನು ಕೂರೋ ಹಲ್ಲಿನ ಬಿಲ್ಲೆ, ಇಪ್ಪತ್ತೆರಡು ಹಲ್ಲಿಂದಾದ್ರೆ ಹೊರೆ ಸಮೇತ ನಿಧಾನಕ್ಕೆ ಹತ್ತುತ್ತೆ. ಅವನದು ಬಯಲುದಾರಿ. ಅಲ್ಲಿ ಅದೇ ಹಾಕಿದ್ರೆ ಕಾಲು ಗಿರಗಿರ ಸುತ್ತುತ್ತೆ, ದಾರಿ ಮಾತ್ರ ಸಾಗಲ್ಲ. ಹದಿನೆಂಟರ ಚಿಕ್ಕದಾದ್ರೆ ಹಾರುತ್ತೆ. ಹಂಗಾಗಿ ಸೈಕಲ್ ಕೊಡುವವನು ತನ್ನದು ಬಿಚ್ಚಿ ಇನ್ನೊಬ್ಬನದು ಹಾಕಿ ಕೊಡಬೇಕು ಅಂತ ಮಾತಾಗಿತ್ತು.

ಒಂದು ಸಲ ಅವನು ಹದಿನೆಂಟರಲ್ಲೇ ತಂದು ನಿಲ್ಲಿಸಿ ನಮ್ಮನೇಲಿ ಉಳಿದುಕೊಂಡ. ನಾನು ನೋಡದೆ ಹೊರಟೆ. ದಿಬ್ಬದ ನಡುವೆ ಎದ್ದು ನಿಂತು ತುಳಿದೆ. ಚೈನು ಕಿತ್ತುಹೋಯಿತು. ಹೊರೆ ಹಿಂದಕ್ಕೆ ಜಗ್ಗಿ ನನ್ನನ್ನು ಕಲ್ಲಿಗೆ ಅಪ್ಪಳಿಸಿತು. ಮೊಣಕೈ ಸುಲಿದು ಮೂಳೆ ಕಂಡಿತು. ಸೈಕಲ್ಲು ಕಂಬಳಿ ಅಲ್ಲೇ ಬುಟ್ಟು, ಚೈನನ್ನು ಕೈಗೆ ಸುತ್ತಿಕೊಂಡು ಮನೆಗೆ ಬಂದೆ. ಅವನು ಜಗಲಿ ಮೇಲೆ ಕಡಲೆಕಾಯಿ ಸುಲೀತಿದ್ದ.

"ಎಷ್ಟು ಹಲ್ಲಿಂದು ಹಾಕಿದ್ಯೋ?"

"ಮರೆತೆ ಕಣ್ ಭಾವ. ಇಳಿದು ತಳ್ಳೋದಲ್ವಾ? ಮುದುಕೀರೂ ತಳ್ತಾರೆ."

ಚೈನು ಬೀಸಿದೆ. ಅಂಗಿ ಜೊತೆ ಬೆನ್ನಿನ ಚರ್ಮವೂ ಬಂತು. ಅವನು ಕಿರುಚಲಿಲ್ಲ, ಪಕ್ಕದಲ್ಲಿದ್ದ ಸ್ಪ್ಯಾನರ್ ಎತ್ತಿ ನನ್ನ ಬಾಯಿಗೇ ಹೊಡೆದ. ಮುಂದಿನ ಎರಡು ಹಲ್ಲು ಅಂಗಳಕ್ಕೆ ಬಿದ್ದವು. ನಾನು ಜುಟ್ಟು ಹಿಡಿದು ಅವನ ತಲೆಯನ್ನು ಕಂಬಕ್ಕೆ ಗುದ್ದಿದೆ. ಅವನು ನನ್ನ ಹೆಬ್ಬೆರಳು ಕಚ್ಚಿದವನು ಬುಡಲೇ ಇಲ್ಲ. ಕೊನೆಗೆ ನನ್ನ ಹೆಂಡತಿ ಮುದ್ದೆ ಕೋಲಿನಿಂದ ಅವನ ಮೊಣಕಾಲಿಗೊಂದು, ನನ್ನ ನೆತ್ತಿಗೊಂದು ಬಾರಿಸಿ ಬಿಡಿಸಿದಳು.

ರಕ್ತ ಉಗುಳುತ್ತಾ ಅವನಂದ, "ಎಣಿಸ್ಕೋ ಭಾವ, ಎರಡು ಕಮ್ಮಿ. ಇನ್ಮೇಲೆ ಬಯಲಲ್ಲಿ ಚೆನ್ನಾಗಿ ಓಡ್ತೀಯ."

"ನನ್ನ ಹಲ್ಲು ವಾಪಸ್ ಕೊಡೋ ತನಕ ಈ ಮನೇಲಿ ನಿಂಗೆ ಅನ್ನ ಇಲ್ಲ ಕಣ್ಲಾ" ಅಂದೆ.

ಅದನ್ನೇ ಹಿಡಿದು ಕೂತಿದ್ದ, ಮೊಂಡ.

ಇವತ್ತು ಸಂಜೆ ಮಗನ ಜೊತೆ ಬಂದ. ಹೊಸ್ತಿಲಾಚೆಯೇ ನಿಂತ. ಮಗಳು ಮಗುವನ್ನು ಅವನ ಕೈಗೆ ಕೊಟ್ಟಳು. ಬಾಯಿ ತೆರೆಸಿ ನೋಡಿದ, ನನ್ನನ್ನೂ ನೋಡಿದ.

"ನನ್ನ ಮಗನ ಕೂಸು. ಒಂದು ಹಲ್ಲು ವಾಪಸ್ ಕೊಟ್ಟಿದ್ದೀನಿ ಭಾವ. ಇನ್ನೊಂದು ಬರ್ತಾ ಐತೆ."

"ಒಳಗೆ ಬಾರೋ" ಅಂದೆ. ನೀರಿನ ತಂಬಿಗೆ ಮುಂದೆ ಹಿಡಿದೆ.

ಕಾಲು ತೊಳೆದು ಬಂದು ನನ್ನ ಪಕ್ಕದಲ್ಲೇ ಕೂತ. ಸಿರಾದಲ್ಲಿ ಗೇರ್ ಸೈಕಲ್ ನೋಡಿದನಂತೆ. "ಹಿಂದಿನ ಚಕ್ರಕ್ಕೆ ಐದು ಬಿಲ್ಲೆ, ರೊಟ್ಟಿ ಪೇರಿಸಿದಂಗೆ. ನಿಂದೂ ಐತೆ, ನಂದೂ ಐತೆ. ಆಗ್ಲೇ ಬಂದಿದ್ರೆ ನಿನ್ನ ಬಾಯಿ ಉಳೀತಿತ್ತು."

"ನಿನ್ನ ಬೆನ್ನೂ."

ಅಷ್ಟರಲ್ಲಿ ಮಗು ಅವನ ಹೆಬ್ಬೆರಳನ್ನು ಕಚ್ಚಿ ಹಿಡಿಯಿತು. ಅವನು ಹಾ ಅಂದ. "ನಿನ್ನದೇ ತಳಿ, ಬುಡಲ್ಲ" ಅಂತ ನನ್ನ ಹೆಂಡತಿ ಅದೇ ಕೋಲಿನಿಂದ ಮುದ್ದೆ ತಿರುವಿ, ಉಂಡೆ ಕಟ್ಟಿ ತಟ್ಟೆಗಿಟ್ಟಳು. ಅಳಿಯ, ಮಗಳು, ನಾವು ಮೂವರು ಮುದುಕರು ಸುತ್ತ ಕೂತೆವು. ಮುದ್ದೆಗೆ ಹಲ್ಲು ಬೇಡ. ಬಸ್ಸಾರಿಗೆ ಅದ್ದಿ ನುಂಗಿದೆವು, ಅವನು ಎರಡನೇ ಮುದ್ದೆಗೂ ತಟ್ಟೆ ಒಡ್ಡಿದ.