ನೈರೋಬಿಯಿಂದ ಲಾಗೋಸಿಗೆ ಎಷ್ಟು ತಾಸು

ಮೊನ್ನೆ ಪೀಣ್ಯದಲ್ಲಿ ನಡೆದು ಬರುವಾಗ ಅರ್ಧ ತೆರೆದ ಶಟರ್ ಒಳಗಿಂದ ಕಟಿಂಗ್ ಆಯಿಲ್ ವಾಸನೆ ಬಂತು. ಬಿಸಿ ಕಬ್ಬಿಣಕ್ಕೆ ಬಿದ್ದ ಎಣ್ಣೆಯ ಆ ಘಾಟು ಮೂಗಿಗೆ ಬಡಿದದ್ದೇ ತಡ, ಫೋರ್‌ಮನ್ ಮಾಮ ಕಣ್ಮುಂದೆ ಬಂದು ನಿಂತ. ನೆನೆಯಲೇಬಾರದು ಅಂದುಕೊಂಡಿದ್ದ ಮನುಷ್ಯ...

ತೊಂಬತ್ತರ ದಶಕದಲ್ಲಿ ನಾವು ಹಾವೇರಿ ಕಡೆಯಿಂದ ಬಂದು ರಾಜಗೋಪಾಲನಗರದ ವಠಾರವೊಂದರಲ್ಲಿ ಇದ್ದೆವು. ಮಾಮ ಎದುರು ಮನೆಯವನು, ಪೀಣ್ಯದ ಲೇತ್ ಶಾಪೊಂದರಲ್ಲಿ ಫೋರ್‌ಮನ್, ನಮ್ಮ ಕಡೆಯವನೇ. ರಕ್ತಸಂಬಂಧವೇನೂ ಇರಲಿಲ್ಲ. ಆದರೂ ಅವ್ವನನ್ನು ತಂಗ್ಯವ್ವಾ ಎಂದು ಕರೆದು, ಪಂಚಮಿ ಹಬ್ಬಕ್ಕೆ ತವರಿನವರಂತೆ ಸೀರೆ ತಂದುಕೊಡುತ್ತಿದ್ದ. ನನ್ನ ಅಣ್ಣನಿಗೆ ಲೇತ್ ಕೆಲಸ ಕಲಿಸಿದವನೂ ಅವನೇ. ಅಣ್ಣನ ಬಾಯಲ್ಲಿ ಯಾವಾಗಲೂ ಮಾಮನದೇ ಜಪ.

ಆಮೇಲೆ ಮಾಮನಿಗೆ ನೈರೋಬಿಯ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತು. ರಜೆಗೆ ಬಂದವನು, ತಮ್ಮ ಕಂಪನಿಯವರೇ ಲಾಗೋಸ್‌ನಲ್ಲಿ ಶಾಖೆ ತೆಗೆದಿದ್ದಾರೆ, ಅಣ್ಣನನ್ನು ಕಳಿಸು ಎಂದು ಅವ್ವನ ಬೆನ್ನು ಹತ್ತಿದ. ಅವ್ವ ಸುತರಾಂ ಒಪ್ಪಲಿಲ್ಲ. ಜ್ವರ ಬಂದರೆ ಹಣೆ ಮುಟ್ಟಿ ನೋಡುವವರು ಯಾರು ಎಂಬುದೊಂದೇ ಅವಳ ಚಿಂತೆ.

“ನಾ ಅದೀನಲ್ಲ ತಂಗ್ಯವ್ವಾ! ಮುಂಜಾನೆ ಒಂಬತ್ತು ಗಂಟೇಕ್ಕ ನೈರೋಬಿಯೊಳಗ ವಿಮಾನ ಹತ್ತಿದ್ರ ಹನ್ನೆರಡಕ್ಕ ಲಾಗೋಸ್‌ನ್ಯಾಗ ಇಳಿತೀನಿ,” ಎಂದ.

ಅವ್ವ ಬೆರಳು ಮಡಿಚಿ ಮೂರು ತಾಸು ಎಂದಳು. ಊರಿಗೆ ಹೋಗುವ ಬಸ್ಸೇ ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತಿತ್ತು. ಮಾಮ ನಕ್ಕ. ಅವ್ವ ಒಪ್ಪಿದಳು.

ಅಲ್ಲಿಗೆ ಹೋಗಿ ವರ್ಷ ತುಂಬುವ ಮೊದಲೇ ಅಣ್ಣನಿಗೆ ಮಲೇರಿಯಾ ಬಂತು. ಸುದ್ದಿ ಕೇಳಿ ಅವ್ವ ಐಎಸ್‌ಡಿ ಬೂತಿಗೆ ಓಡಿದಳು. ನಾಳೆಯೇ ಹೊರಡುತ್ತೇನೆ ಎಂದು ಮಾಮ ಫೋನಿನಲ್ಲಿ ಮಾತು ಕೊಟ್ಟ. ಮರುದಿನ ಮಧ್ಯಾಹ್ನ ಅವ್ವ ನೆಮ್ಮದಿಯಿಂದ ಊಟಕ್ಕೆ ಕುಳಿತು, “ನಿಮ್ಮ ಮಾಮ ಈಗ ಮುಟ್ಟಿರ್ತಾನ ನೋಡು,” ಎಂದಳು.

ಮಾಮ ಹೋಗಿರಲಿಲ್ಲ. ಅಣ್ಣ ಆ ಆಸ್ಪತ್ರೆಯಲ್ಲಿ ನಮ್ಮವರು ಅಂತ ಒಬ್ಬರೂ ಇಲ್ಲದೆ ತೀರಿಕೊಂಡ...

ಮುಂದಿನ ರಜೆಯಲ್ಲಿ ಮಾಮ ಮಾತಾಡಿಸಲು ಬಂದ. ಯಾಕೆ ಹೋಗಲಿಲ್ಲ ಎಂದು ಕೇಳಿದಳು ಅವ್ವ.

“ಐದು ತಾಸಿನ ದಾರಿ ತಂಗ್ಯವ್ವಾ, ಆಫ್ರಿಕಾದ ಈ ದಂಡಿಯಿಂದ ಆ ದಂಡಿಗೆ. ಕೆಲಸ ಬಿಟ್ಟು ಹೆಂಗ ಹೋಗ್ಲಿ?”

“ಮೂರು ತಾಸು ಅಂದಿದ್ದೆಲ್ಲಣ್ಣಾ?”

“ಲಾಗೋಸ್ ಗಡಿಯಾರ ನೈರೋಬಿಗಿಂತ ಎರಡು ತಾಸು ಹಿಂದ. ನಾ ಗಂಟೆ ಹೇಳಿದ್ದೆ, ತಾಸು ಹೇಳಿರ್ಲಿಲ್ಲ.”

ನಮ್ಮ ಕಡೆ ಗಡಿಯಾರ ತೋರಿಸುವುದು ಗಂಟೆ, ಕಳೆಯುವ ಹೊತ್ತು ತಾಸು. ಅವನ ಬಾಯಿಂದ ತಾಸು ಎಂಬ ಮಾತು ಬಂದಿರಲಿಲ್ಲ, ನಿಜ. ತಂಗಿ ಎಂದು ಕರೆದವಳು ಎದುರಲ್ಲೇ ತಪ್ಪು ಲೆಕ್ಕ ಹಾಕುವುದನ್ನು ನೋಡಿ ನಕ್ಕು ಸುಮ್ಮನಿದ್ದ. ಲಾಗೋಸ್‌ಗೆ ಹೋಗಬೇಕಿದ್ದವನು ಅವನೇ ಎಂದು ಆಮೇಲೆ ಅವನ ಹಳೆಯ ಶಾಪಿನವರು ಹೇಳಿದರು. ಅಲ್ಲಿನ ಜ್ವರಕ್ಕೆ ಹೆದರಿ ಅಣ್ಣನನ್ನು ಮುಂದೆ ಮಾಡಿದ್ದನಂತೆ. ನಂಬಿಸಿ ಕತ್ತು ಕೊಯ್ಯುವುದು ಎಂದರೆ ಇದೇ.

ಅವ್ವ ಈಗಿಲ್ಲ. ಮಾಮ ಇದ್ದಾನೆ, ನಮ್ಮ ಮನೆಯಿಂದ ಎರಡು ಬೀದಿ ಆಚೆ, ಹಾಸಿಗೆ ಹಿಡಿದಿದ್ದಾನೆ. ಒಮ್ಮೆ ಬಂದು ಹೋಗು ಎಂದು ಹೇಳಿ ಕಳಿಸುತ್ತಲೇ ಇರುತ್ತಾನೆ. ನಾನು ಹೋಗಿಲ್ಲ. ಅಣ್ಣ ಇದ್ದಿದ್ದರೆ ಓಡಿ ಹೋಗುತ್ತಿದ್ದ.