ಪರ್ತ್‌ಗೆ ಹೊರಟ ಅಕ್ಕಿ ಭರಣಿ

ಗೆಕ್ ಸ್ಯೂ ಮದುವೆಗೆ ಒಪ್ಪಿಕೊಳ್ಳಲು ತೆಗೆದುಕೊಂಡ ಸಮಯ ಒಂದು ಬಟ್ಟಲು ಸಾರು ಆರುವಷ್ಟು. ಆ ಮದುವೆಗೆ ಏನೇನು ಹೊತ್ತುಕೊಂಡು ಹೋಗಬೇಕು ಎಂಬ ಜಗಳ ಮಾತ್ರ ವೀಸಾ ಬರುವವರೆಗೂ, ಅಂದರೆ ವರ್ಷದ ಮೇಲೆ ಮೂರು ತಿಂಗಳು ನಡೆದು, ಆಮೇಲೂ ಮುಗಿಯಲಿಲ್ಲ.

ಪೆನಾಂಗಿನ ಚೌರಸ್ತಾ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಅವಳದು ಕ್ವೇತಿಯೋ ಎಂಬ ಅಗಲ ಅಕ್ಕಿ ಶಾವಿಗೆಯ ಸಾರಿನ ಗಾಡಿ. ಬೆಳಗಿನ ಆರಕ್ಕೆ ಒಲೆ ಹಚ್ಚಿದರೆ ಹನ್ನೊಂದಕ್ಕೆ ಪಾತ್ರೆಯ ತಳ ಕಾಣುತ್ತಿತ್ತು. ಮೂವತ್ತೊಂದು ವರ್ಷ ಒಂದೇ ಜಾಗ, ಒಂದೇ ರುಚಿ. ಗಿರಾಕಿ ಮೆಣಸು ಕಮ್ಮಿ ಎಂದರೆ ಮೆಣಸಿನ ಡಬ್ಬಿಯನ್ನು ಅವನ ಮುಂದೆ ತಳ್ಳುತ್ತಿದ್ದಳು, ಜಾಸ್ತಿ ಎಂದರೆ ನೀರಿನ ಲೋಟವನ್ನು ತಳ್ಳುತ್ತಿದ್ದಳು. ಸಾರು ತನ್ನ ಪಾಡಿಗೆ ತಾನು ಇದ್ದ ಹಾಗೇ ಇರುತ್ತಿತ್ತು.

ಲೋ ಕಿಮ್ ಸೆಂಗ್ ಆ ಗಾಡಿಗೆ ಬಂದದ್ದು ಚೆಂಗ್‌ಬೆಂಗ್ ಹಬ್ಬದ ವಾರ, ತಂದೆತಾಯಿಯ ಸಮಾಧಿ ಗುಡಿಸಿ ಊದುಬತ್ತಿ ಹಚ್ಚಲು. ಹುಟ್ಟಿದ್ದು ಇದೇ ಊರಾದರೂ ಅವನು ಮೂವತ್ತು ವರ್ಷ ಪರ್ತ್‌ನಲ್ಲಿ ಬಸ್ಸು ರಿಪೇರಿ ಮಾಡಿ ನಿವೃತ್ತನಾದವನು. ಹೆಂಡತಿ ತೀರಿಕೊಂಡು ನಾಲ್ಕು ವರ್ಷ, ಒಬ್ಬಳು ಮಗಳು ಅಲ್ಲೇ ಬೇರೆ ಮನೆ ಮಾಡಿಕೊಂಡಿದ್ದಳು. ಮೊದಲ ದಿನ ಮೆಣಸು ಕಮ್ಮಿ ಎಂದ. ಎರಡನೆಯ ದಿನವೂ ಬಂದು ಅದನ್ನೇ ಅಂದ. ಒಂಬತ್ತು ದಿನ ಇದು ನಡೆದಾಗ, ಇವನ ತಕರಾರು ಮೆಣಸಿನದಲ್ಲ ಎಂದು ಪಕ್ಕದ ಸೋಯಾ ಹಾಲಿನ ಗಾಡಿಯವಳಿಗೂ ತಿಳಿದುಹೋಯಿತು. ಹತ್ತನೆಯ ದಿನ ಅವನು ವಿಷಯಕ್ಕೆ ಬಂದ. ಗೆಕ್ ಸ್ಯೂ ಸೌಟು ಕೆಳಗಿಡಲಿಲ್ಲ. ನಿಮ್ಮ ಮನೆಯಲ್ಲಿ ಗ್ಯಾಸ್ ಒಲೆಯೋ ಕರೆಂಟಿನದೋ ಎಂದು ಕೇಳಿದಳು. ಗ್ಯಾಸು ಎಂದ. ಅವನ ಸಾರು ಆರುವಷ್ಟು ಹೊತ್ತು ಯೋಚಿಸಿ, ಆಗಲಿ ಎಂದಳು.

ರಿಜಿಸ್ಟ್ರಾರರ ಮುಂದೆ ಸಹಿ ಹಾಕಿ ಅವನು ವಾಪಸು ಹೋದ. ಹೋದವನು ಫೋನಿನಲ್ಲಿ ಪ್ರೀತಿಯಿಂದಲೇ ಒಂದು ಮಾತು ಹೇಳಿದ: ಒಂದು ಸೂಟ್‌ಕೇಸ್ ಸಾಕು, ಮನೆಯಲ್ಲಿ ಎಲ್ಲವೂ ಇದೆ.

ಗಂಡಸಿನ ಮಟ್ಟಿಗೆ ಇದು ಔದಾರ್ಯದ ಮಾತು. ಗೆಕ್ ಸ್ಯೂ ಅದನ್ನು ಎರಡು ದಿನ ಬಾಯಲ್ಲಿಟ್ಟುಕೊಂಡು ನೋಡಿದಳು, ಇಳಿಯಲಿಲ್ಲ. ಎಲ್ಲವೂ ಇದೆ ಎಂದರೆ ಇನ್ನೊಬ್ಬಳ ಬಾಣಲೆ ಇದೆ, ಇನ್ನೊಬ್ಬಳ ಚಮಚ ಇದೆ, ಉಪ್ಪಿನ ಡಬ್ಬಿ ಎಲ್ಲಿರಬೇಕೆಂದು ಇನ್ನೊಬ್ಬಳು ಗೊತ್ತುಮಾಡಿದ ಮೂಲೆ ಇದೆ. ಸೂಟ್‌ಕೇಸ್ ಹಿಡಿದು ಹೋಗುವವಳು ಆ ಮನೆಗೆ ನೆಂಟಳು, ಹೆಚ್ಚೆಂದರೆ ಅಡುಗೆಯವಳು. ಇಪ್ಪತ್ತಾರನೆಯ ವಯಸ್ಸಿನಲ್ಲಿ ಅಣ್ಣನ ಮನೆಯಿಂದ ಒಲೆ ಬೇರೆ ಮಾಡಿಕೊಂಡು ಈ ಮಹಡಿ ಮನೆಗೆ ಬಂದಿದ್ದು ಯಾರದೋ ಅಡುಗೆಮನೆಯಲ್ಲಿ ಕೇಳಿ ಕೇಳಿ ಉಪ್ಪು ತೆಗೆದುಕೊಳ್ಳುವುದು ಸಾಕಾಗಿ. ಆ ಉಪ್ಪಿಗೆ ಮರಳಲು ಮದುವೆ ಬೇರೆ ಬೇಕೇ?

ವೀಸಾ ಬಂದ ಮಾರನೆಯ ದಿನ ಅವಳು ಹಡಗಿನಲ್ಲಿ ಮನೆಸಾಮಾನು ಕಳಿಸುವ ಕಂಪನಿಗೆ ಫೋನು ಮಾಡಿದಳು.

ಅಳತೆಗೆ ಬಂದವನು ಊಯಿ ಎಂಬ ಸಣಕಲ ಮನುಷ್ಯ. ಸೊಂಟದಲ್ಲಿ ಟೇಪು, ಕೈಯಲ್ಲಿ ಕಾಗದ ಸಿಕ್ಕಿಸಿದ ಹಲಗೆ. ಯಾವ ಸಾಮಾನು ಕಂಟೇನರಿನಲ್ಲಿ ಎಷ್ಟು ಜಾಗ ತಿನ್ನುತ್ತದೆ ಎಂದು ನೋಟದಲ್ಲೇ ಹೇಳಬಲ್ಲವನು. ಅರವತ್ತರ ಹತ್ತಿರದವರು ಸಾಮಾನ್ಯವಾಗಿ ಫೋಟೋ, ದೇವರು, ಎರಡು ಕಂಬಳಿ ಒಯ್ಯುತ್ತಾರೆ ಎಂದು ಅವನ ಅನುಭವ. ಇಲ್ಲಿ ಅಮೃತಶಿಲೆ ಹಾಸಿನ ಮೇಜು, ಹೊಲಿಗೆ ಯಂತ್ರ, ಆಳೆತ್ತರದ ಪಾತ್ರೆ ಕಪಾಟು, ಮೂರು ಬಾಣಲೆ, ಗಾಡಿಯ ಸಾರಿನ ಪಾತ್ರೆ ಎಲ್ಲ ಸಾಲಾಗಿ ನಿಂತಿದ್ದವು. ಪರ್ತ್‌ನಲ್ಲೂ ಅಂಗಡಿಗಳಿವೆ ಎಂದು ಊಯಿ ಮೆಲ್ಲಗೆ ತಿಳಿಸಿದ. ಅಲ್ಲಿ ಎಲ್ಲ ಸಿಗುವುದಾದರೆ ನಿಮ್ಮ ಕಂಪನಿಗೆ ಕೆಲಸವೇ ಇರುತ್ತಿರಲಿಲ್ಲವಲ್ಲ ಎಂದು ಅವಳು ಕೇಳಿದಳು. ಊಯಿ ಟೇಪು ಬಿಚ್ಚಿ ಮೇಜು ಅಳೆಯತೊಡಗಿದ.

ಹುಳುಹುಪ್ಪಟೆ ಬಾರದಂತೆ ಆ ದೇಶದ ಸುಂಕದವರು ತಡೆಯುವ ವಸ್ತುಗಳ ಪಟ್ಟಿಯನ್ನು ಅವನು ಓದಿ ಹೇಳಿದ. ಅದನ್ನು ಅವಳು ಗಿರಾಕಿಯ ತಕರಾರಿನಂತೆ ಕೇಳಿಸಿಕೊಂಡಳು. ಬಿದಿರಿನ ಹಬೆಬುಟ್ಟಿ ಬೇಡವೇ, ಸೋಯಾ ಹಾಲಿನವಳಿಗೆ ಹೋಯಿತು. ಹುಳು ಹಿಡಿದ, ಮಾಂಸ ಕೊಚ್ಚುವ ಮರದ ಕೊರಡು ಬೇಡವೇ, ಮೀನಿನವನಿಗೆ ಹೋಯಿತು. ಕೊಡಲಾರದ್ದು ಒಂದೇ ಇತ್ತು. ಕಪಾಟಿನ ಪಕ್ಕದಲ್ಲಿ ಮೊಣಕಾಲೆತ್ತರಕ್ಕೆ ಕೂತಿದ್ದ, ಕಂದು ಮೆರುಗಿನ, ಹೊಟ್ಟೆದಪ್ಪನೆಯ ಅಕ್ಕಿ ಭರಣಿ. ಒಲೆ ಬೇರೆ ಮಾಡಿದ ವಾರ ಅವಳು ತನ್ನ ದುಡಿಮೆಯಲ್ಲಿ ಕೊಂಡ ಮೊದಲ ವಸ್ತು. ಅಂದಿನಿಂದ ಅದು ಒಂದು ದಿನವೂ ಖಾಲಿಯಾಗಿರಲಿಲ್ಲ.

ಭರಣಿ ಬರಬಹುದು, ಒಳಗಿರುವುದು ಬರುವಂತಿಲ್ಲ ಎಂದ ಊಯಿ. ತಿನ್ನುವ ಪದಾರ್ಥ ಒಂದು ಕಾಳೂ ಇರಕೂಡದು, ತೊಳೆದು ಒಣಗಿಸಿ ಖಾಲಿ ಕೊಡಬೇಕು.

ಹೇಳಿದ ಮೇಲೆ ಅವನೇ ನೆಲ ನೋಡಿದ. ಅವಳಂತೆ ಅವನೂ ಹೊಕ್ಕಿಯೆನ್ ಚೀನೀಯರ ಮನೆಯಲ್ಲಿ ಹುಟ್ಟಿದವನೇ. ಮನೆ ಬದಲಾಯಿಸುವಾಗ ಅಕ್ಕಿ ಭರಣಿ ತುಂಬಿಕೊಂಡೇ ಹೊಸಿಲು ದಾಟಬೇಕು, ಖಾಲಿ ಭರಣಿ ಹೊತ್ತು ಹೋದವರ ಮನೆ ಖಾಲಿಯೇ ಉಳಿಯುತ್ತದೆ ಎಂಬುದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಸಾಮಾನು ಕಟ್ಟುವ ದಿನ ಎಲ್ಲರಿಗಿಂತ ಮೊದಲು ಬಂದವಳು ಅತ್ತಿಗೆ. ಅಣ್ಣನ ಹೆಂಡತಿಗೆ ಆ ಭರಣಿಯ ಮೇಲೆ ಮೂವತ್ತು ವರ್ಷದ ಕಣ್ಣು. ಆದರೆ ಅವಳು ಅದನ್ನು ಯಾವತ್ತೂ ಕೇಳಿದವಳಲ್ಲ, ಬರಿ ಹೊಗಳುತ್ತಿದ್ದಳು.

"ಖಾಲಿ ಭರಣಿ ತಗೊಂಡು ಗಂಡನ ಮನೆಗೆ ಹೋಗ್ತೀಯಾ? ಬೀದಿಯವರು ಏನಂತಾರೆ? ಇಲ್ಲೇ ಬಿಡು, ತುಂಬಿಕೊಂಡೇ ಇರುತ್ತೆ. ನಾನು ನೋಡ್ಕೋತೀನಿ."

"ನೀವು ನೋಡ್ತಾನೇ ಇದ್ದೀರಲ್ಲ ಅತ್ತಿಗೆ, ಇಷ್ಟು ವರ್ಷದಿಂದ."

ಕಟ್ಟುವವರ ಮುಖ್ಯಸ್ಥ ರೊಸ್ಲಾನ್ ಎಂಬ ದಪ್ಪ ಮೀಸೆಯ ಮಲಯ ಮನುಷ್ಯ. ಅವನ ಇಬ್ಬರು ಜೊತೆಗಾರರು ಮಧ್ಯಾಹ್ನದೊಳಗೆ ಕಪಾಟನ್ನು ಬಿಚ್ಚಿ, ಮೇಜಿನ ಕಲ್ಲನ್ನು ಮಗುವಿನಂತೆ ಕಂಬಳಿಯಲ್ಲಿ ಸುತ್ತಿ, ಮನೆಯನ್ನು ಬರಿ ಗೋಡೆಗೆ ತಂದಿದ್ದರು. ಉಳಿದದ್ದು ಭರಣಿ. ಮುಚ್ಚಳ ತೆಗೆದರೆ ಅರ್ಧದಷ್ಟು ಅಕ್ಕಿ. ಆಂಟಿ, ಇದನ್ನು ಹೀಗೇ ಕಟ್ಟಿದರೆ ನನ್ನ ಕೆಲಸ ಹೋಗುತ್ತದೆ ಎಂದು ರೊಸ್ಲಾನ್ ವಿನಯದಿಂದಲೇ ಹೇಳಿ ಕೈಕಟ್ಟಿ ನಿಂತ. ಲಾರಿ ಕೆಳಗೆ ಕಾಯುತ್ತಿತ್ತು. ಕಾಗದಪತ್ರಕ್ಕೆಂದು ಬಂದಿದ್ದ ಊಯಿ ಗಡಿಯಾರ ನೋಡಿಕೊಂಡ.

ಗೆಕ್ ಸ್ಯೂ ಗಂಡನಿಗೆ ಫೋನು ಹಚ್ಚಿ ಮೇಜಿಲ್ಲದ ಕೋಣೆಯ ನೆಲದ ಮೇಲಿಟ್ಟಳು. ಎಲ್ಲರಿಗೂ ಕೇಳಲಿ ಎಂದು ಸ್ಪೀಕರಿಗೂ ಹಾಕಿದಳು.

ವಿಷಯ ಕೇಳಿ ಕಿಮ್ ಸೆಂಗ್ ನಿರಾಳನಾದ. "ಅಷ್ಟೇನಾ? ಅದನ್ನ ಬಿಟ್ಟು ಬಾ ಸ್ಯೂ. ಇಲ್ಲಿ ಅಕ್ಕಿ ಡಬ್ಬ ಇದೆ. ಮೊದಲಿನವಳೇ ತಂದಿದ್ದು, ಇನ್ನೂ ಹೊಸದರ ಹಾಗೇ ಇದೆ. ಮಗಳೂ ಅದನ್ನೇ ಹೇಳ್ತಾಳೆ."

"ನಿಮ್ಮನೇಲಿ ಎಲ್ಲಾ ಇದೆ ಅಂತ ವರ್ಷದಿಂದ ಹೇಳ್ತಿದ್ದೀರಿ. ಎಲ್ಲಾ ಇದ್ದ ಮೇಲೆ ನಾನ್ಯಾಕೆ?"

ಪೆಟ್ಟಿಗೆಗೆ ಟೇಪು ಹಚ್ಚುತ್ತಿದ್ದ ಜೊತೆಗಾರನೊಬ್ಬ ಕೈ ನಿಲ್ಲಿಸಿ ಫೋನಿನ ಕಡೆ ನೋಡಿದ.

"ಹಾಗಲ್ಲ ಸ್ಯೂ. ಇಟ್ಕೊಳ್ಳೋಕೆ ಜಾಗ ಎಲ್ಲಿದೆ?"

"ಜಾಗ ಮಾಡಿ. ಹಡಗು ತಲುಪಿ ಸಾಮಾನು ಕೈಗೆ ಬರೋಕೆ ಆರು ವಾರ ಬೇಕಂತೆ. ಬಸ್ಸಿನ ಇಂಜಿನ್ನೇ ಇಳಿಸಿದವರು, ಒಂದು ಅಡುಗೆಮನೆ ಇಳಿಸೋಕೆ ಆಗಲ್ವಾ? ಅವರ ಫೋಟೋ ಗೋಡೆ ಮೇಲೇ ಇರಲಿ, ಹಬ್ಬಕ್ಕೆ ಊದುಬತ್ತಿ ನಾನೇ ಹಚ್ತೀನಿ. ಪಾತ್ರೆ ಮಾತ್ರ ಮಗಳಿಗೆ ಸೇರಬೇಕು. ಅವಳ ತಾಯಿದು, ಅವಳಿಗೇ ನ್ಯಾಯ."

"ಸರಿ, ನೋಡ್ತೀನಿ."

"ನೋಡೋದು ಬೇಡ. ಭರಣಿ ನಿಮ್ಮ ಕೈಗೆ ತುಂಬಿಕೊಂಡೇ ಬರುತ್ತೆ. ಒಳಗಿರೋದನ್ನ ತೆಗೆದ ಗಳಿಗೇಲೇ ಅಕ್ಕಿ ಸುರೀಬೇಕು, ನಾನು ನೋಡೋ ಹಾಗೆ. ಆಮೇಲೆ ನಾನು ಟಿಕೆಟ್ ತಗೋಳ್ತೀನಿ. ಅದಕ್ಕೆ ಮುಂಚೆ ಇಲ್ಲ."

"ಸುರೀದೇ ಇದ್ದರೆ?"

"ಸಾಮಾನು ವಾಪಸ್ ಬರುತ್ತೆ. ಅದಕ್ಕೂ ಕಂಪನೀಲಿ ಒಂದು ಫಾರಂ ಇದೆ."

ಅಂಥ ಫಾರಂ ಇರಲಿಲ್ಲ. ಊಯಿ ಅವಳ ಮುಖ ನೋಡಿ, ಹಲಗೆಯ ಮೇಲಿನ ಕಾಗದಗಳನ್ನು ಸರಿಮಾಡಿಕೊಂಡ.

ಫೋನು ಇಟ್ಟ ಮೇಲೆ ಗೆಕ್ ಸ್ಯೂ ಅಕ್ಕಿಯನ್ನೆಲ್ಲ ಗೋಣಿಗೆ ಸುರಿದು ಅತ್ತಿಗೆಯ ಕಾಲ ಬಳಿ ಇಟ್ಟಳು. ಭರಣಿಯನ್ನು ಒದ್ದೆಬಟ್ಟೆಯಿಂದ ಒರೆಸಿ, ಒಣಬಟ್ಟೆಯಿಂದ ಒರೆಸಿ, ಒಂದು ಕಾಳೂ ಇಲ್ಲವೆಂದು ಊಯಿಗೆ ಬಗ್ಗಿಸಿ ತೋರಿಸಿದಳು. ಆಮೇಲೆ ಗಾಡಿಯ ಬಟ್ಟಲುಗಳ ಪೆಟ್ಟಿಗೆ ತೆಗೆಸಿದಳು. ಹುಂಜದ ಚಿತ್ರದ, ಅಂಚು ಅಲ್ಲಲ್ಲಿ ಚಕ್ಕೆಯೆದ್ದ ಅನ್ನದ ಬಟ್ಟಲುಗಳು. ಇವನ್ನು ಭರಣಿಯೊಳಗೆ ಕಟ್ಟಿ, ಕುತ್ತಿಗೆಯವರೆಗೆ, ಗಾಳಿಗೂ ಜಾಗ ಇರಬಾರದು ಎಂದು ರೊಸ್ಲಾನನಿಗೆ ಹೇಳಿದಳು.

ಪಿಂಗಾಣಿಯೊಳಗೆ ಪಿಂಗಾಣಿ ಕಟ್ಟುವುದು ಆ ಕಸುಬಿನಲ್ಲಿ ಮೂರ್ಖತನ. ಹಾಗೆಂದು ಹೇಳಿಯೂ ಹೇಳಿದ ರೊಸ್ಲಾನ್. ಆದರೆ ತನ್ನ ಕೈಯಲ್ಲಿ ಆಗುವುದಿಲ್ಲ ಎಂದು ಇಬ್ಬರು ಜೊತೆಗಾರರ ಮುಂದೆ ಒಪ್ಪಿಕೊಳ್ಳುವಷ್ಟು ಸಣ್ಣ ಮೀಸೆ ಅವನದಲ್ಲ. ನೆಲದ ಮೇಲೆ ಕೂತು ಒಂದೊಂದು ಬಟ್ಟಲಿಗೂ ಮೂರು ಹಾಳೆ ಸುತ್ತಿ, ಅಂಚು ಮೇಲಾಗಿ ನಿಲ್ಲಿಸಿ, ಸಂದಿಗೆಲ್ಲ ಕಾಗದದ ಉಂಡೆ ತುರುಕಿದ. ಇಪ್ಪತ್ತಾರು ಹಿಡಿದವು. ಭರಣಿಯನ್ನು ಎತ್ತಿ ಅಲ್ಲಾಡಿಸಿದ, ಸದ್ದಿಲ್ಲ.

ಅತ್ತಿಗೆಗೆ ತಡೆಯಲಾಗಲಿಲ್ಲ. "ಬಟ್ಟಲು ಅಕ್ಕಿ ಆಗುತ್ತೇನೇ? ಹಿರಿಯರು ಒಪ್ತಾರಾ?"

"ಮೂವತ್ತೊಂದು ವರ್ಷ ಈ ಭರಣಿ ತುಂಬಿಸಿದ್ದು ಹಿರಿಯರಲ್ಲ ಅತ್ತಿಗೆ, ಈ ಬಟ್ಟಲುಗಳು. ತುಂಬಿದೆಯೋ ಇಲ್ಲವೋ ಅಂತ ನಾನು ಹೇಳ್ತೀನಿ. ತುಂಬಿದೆ."

ಊಯಿ ಪಟ್ಟಿಯಲ್ಲಿ ಬರೆದ: ಭರಣಿ ಒಂದು, ಒಳಗೆ ಬಟ್ಟಲು ಇಪ್ಪತ್ತಾರು. ಲಾರಿ ಹೋಯಿತು.

ಮುಂದಿನ ವಾರಗಳನ್ನು ಅವಳು ಒಂದು ಚಾಪೆ ಮತ್ತು ಸೋಯಾ ಹಾಲಿನವಳಿಂದ ತಂದ ಒಂದು ಪಾತ್ರೆಯೊಡನೆ ಕಳೆದಳು. ಗಾಡಿ ಮಾರಿಯಾಗಿತ್ತು. ಕೊಂಡವನು ಸಾರಿಗೆ ಸಕ್ಕರೆ ಹಾಕುತ್ತಾನೆಂದು ಗಿರಾಕಿಗಳು ಮಹಡಿ ಹತ್ತಿ ಬಂದು ದೂರುತ್ತಿದ್ದರು. ಗಲ್ಲಿಯಲ್ಲಿ ಎರಡು ಪಕ್ಷವಾಗಿತ್ತು. ಗಂಡ ಸುರಿಯುತ್ತಾನೆ ಎನ್ನುವವರು ಕಡಿಮೆ. ಇದ್ದದ್ದೆಲ್ಲ ಸಮುದ್ರಕ್ಕೆ ಹಾಕಿ ಖಾಲಿ ಮನೆಯಲ್ಲಿ ಕೂತಿದ್ದಾಳೆ, ಅವನು ಬೇಡ ಎಂದರೆ ಮಲಗಲು ಮಂಚವೂ ಇಲ್ಲ ಎಂಬ ಮಾತು ಅವಳ ಕಿವಿಗೂ ಬಿತ್ತು. ಅದು ನಿಜವೂ ಆಗಿತ್ತು. ಐದನೆಯ ವಾರ ಕಿಮ್ ಸೆಂಗ್ ಫೋನೇ ಮಾಡಲಿಲ್ಲ. ಅವಳೂ ಮಾಡಲಿಲ್ಲ. ಆ ವಾರ ಅವಳು ಕಡಿಮೆ ಉಂಡಳು, ಆದರೆ ಯಾರ ಮುಂದೆಯೂ ಹೇಳಿಕೊಳ್ಳಲಿಲ್ಲ.

ಏಳನೆಯ ವಾರದ ಮಂಗಳವಾರ ವೀಡಿಯೊ ಕರೆ ಬಂತು. ಪರದೆಯಲ್ಲಿ ಮೊದಲು ಕಂಡದ್ದು ಬಿಳಿ ಗೋಡೆ, ಬಾಗಿಲು ತೆರೆದ ಬರಿದಾದ ಕಪಾಟುಗಳು, ಗೋಡೆಯ ಮೇಲೆ ಸುಮ್ಮನೆ ನಗುವ ಒಬ್ಬ ಹೆಂಗಸಿನ ಫೋಟೋ. ಹಿಂದೆ ಮಗಳು ಮುಖ ಊದಿಸಿಕೊಂಡು ಕೊನೆಯ ರಟ್ಟಿನ ಪೆಟ್ಟಿಗೆಯನ್ನು ಕಾರಿಗೆ ಒಯ್ಯುತ್ತಿದ್ದಳು. ಒಲೆಯ ಪಕ್ಕದಲ್ಲಿ ಭರಣಿ ಕೂತಿತ್ತು, ಅದರಿಂದ ಆಗಷ್ಟೇ ತೆಗೆದ ಬಟ್ಟಲುಗಳು ನೆಲದ ಮೇಲೆ ಸಾಲಾಗಿದ್ದವು. ಎರಡು ಬಟ್ಟಲು ಒಡೆದಿವೆ ಎಂದು ಕಿಮ್ ಸೆಂಗ್ ತಪ್ಪಿತಸ್ಥನಂತೆ ಹೇಳಿದ. ಎರಡೇ ತಾನೇ ಎಂದಳು.

ಅವನು ಅಕ್ಕಿಚೀಲ ಎತ್ತಿ ಸುರಿದ. ಅರ್ಧಕ್ಕೆ ನಿಲ್ಲಿಸಿ ಕ್ಯಾಮರಾ ಕಡೆ ನೋಡಿದ.

"ಸಾಕಾ?"

"ಇಲ್ಲ."

ಇನ್ನಷ್ಟು ಸುರಿದ. ಮತ್ತೆ ನೋಡಿದ. ಅವಳು ಚೀಲದ ಕಡೆಗೇ ಬೆರಳು ತೋರಿದಳು. ಅವನು ಚೀಲವನ್ನು ತಲೆಕೆಳಗು ಮಾಡಿ ಕೊಡವಿದ. ಅಕ್ಕಿ ಕುತ್ತಿಗೆ ಮುಟ್ಟಿ, ನಾಲ್ಕು ಕಾಳು ನೆಲಕ್ಕೆ ಬಿದ್ದವು.

ಅಂದೇ ಮಧ್ಯಾಹ್ನ ಅವಳು ಟಿಕೆಟ್ ಕಚೇರಿಗೆ ಹೋದಳು. ಗುರುವಾರದ ವಿಮಾನದಲ್ಲಿ ಕಿಟಕಿ ಪಕ್ಕದ ಜಾಗವಿದೆ, ಇವತ್ತೇ ಕಾಯ್ದಿರಿಸಲೇ ಎಂದು ಅಲ್ಲಿಯ ಹುಡುಗಿ ಕೇಳಿದಳು. ಗೆಕ್ ಸ್ಯೂ ಮುಂದಿನ ಗುರುವಾರದ್ದು ಬರೆಸಿದಳು. ಇನ್ನೊಂದು ವಾರ ಅವನು ಆ ಭರಣಿಯಿಂದಲೇ ಅಕ್ಕಿ ತೆಗೆದು ಬೇಯಿಸಿಕೊಳ್ಳಲಿ, ತೆಗೆದಷ್ಟನ್ನು ಮತ್ತೆ ತುಂಬಿಸುವುದನ್ನೂ ಕಲಿಯಲಿ. ತಾನು ಹೋದ ಮೇಲೆ ಹೇಳಿಕೊಡುತ್ತಾ ಕೂರಲು ಅವಳಿಗೆ ಪುರುಸೊತ್ತಿರುವುದಿಲ್ಲ.