ಕತ್ತಲಲ್ಲಿ ಕೈ ಬೀಳುವ ಜಾಗ

ಬೆಳಗಿನ ಐದೂಕಾಲು. ಮೂರನೇ ಮಹಡಿಯ ಮನೆಯೊಂದರ ಮಲಗುವ ಕೋಣೆ. ಪರದೆ ಎಳೆದಿದೆ, ದೀಪ ಆರಿಸಿದೆ. ಮಂಚದ ಮೇಲೆ ನಿವೃತ್ತ ಬಸ್ ಚಾಲಕರೊಬ್ಬರು ಮಲಗಿದ್ದಾರೆ. ಎಂಟು ತಿಂಗಳ ಹಿಂದೆ ಲಕ್ವ ಹೊಡೆದು ಅವರ ಬಲಭಾಗ ಪೂರ್ತಿ ಬಿದ್ದುಹೋಗಿದೆ. ಬಾಗಿಲಿಗೆ ಒರಗಿ ಅವರ ಮಗಳು ನಿಂತಿದ್ದಾರೆ, ಮೂಲೆಯ ಕುರ್ಚಿಯಲ್ಲಿ, ಭಾನುವಾರದ ಪತ್ರಿಕೆಗೆ ಬರೆಯಲು ಬಂದ ನಾನು. ಮಂಚದ ಪಕ್ಕ ನೆಲದ ಮೇಲೆ ಮಂಡಿಯೂರಿ ಕೂತ ಐವತ್ತೇಳರ ಎಲೆಕ್ಟ್ರಿಷಿಯನ್ ಮೆಲ್ಲಗೆ ಮಾತಾಡುತ್ತಾರೆ.

"ಯಜಮಾನ್ರೇ, ಈಗ ಎಚ್ಚರ ಆಯ್ತು ಅಂದ್ಕೊಳ್ಳಿ. ಲೈಟ್ ಬೇಕು. ಯೋಚನೆ ಮಾಡ್ಬೇಡಿ, ಸುಮ್ನೆ ಕೈ ಹಾಕಿ."

ಚಾಲಕರ ಎಡಗೈ ಗಾಳಿಯಲ್ಲಿ ತಡಕಾಡಿ, ಮಂಚದ ಅಂಚಿನ ಮರದ ಪಟ್ಟಿಯ ಮೇಲೆ, ಸೊಂಟದ ಹತ್ತಿರ ಬೀಳುತ್ತದೆ. ಪುಟ್ಟ ಟಾರ್ಚ್ ಬೆಳಕಲ್ಲಿ ಅಲ್ಲಿಗೊಂದು ಸೀಮೆಸುಣ್ಣದ ಗುರುತು. ಹೀಗೆ ಮೂರು ಸಲ. ಮೂರು ಗುರುತೂ ಒಂದು ಅಂಗೈ ಅಗಲದೊಳಗೇ ಇವೆ.

"ನಾನು ತಲೆ ಹತ್ರ ಮೇಜಿನ ಮೇಲೆ ಇಡೋಣ ಅಂತಿದ್ದೆ" ಎನ್ನುತ್ತಾರೆ ಮಗಳು.

"ಮೇಜಿಗೆ ನಿಮ್ಮ ಕೈ ಹೋಗುತ್ತೆ ತಾಯಿ, ನಿಮ್ಮಪ್ಪನ ಕೈ ಹೋಗಲ್ಲ."

ಆ ಮಗಳು ತಾವೇ ಆರಿಸಿ ತರಿಸಿದ್ದ ಬಟನ್ ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಅದಕ್ಕೆ ಆರು ಕೆಲಸ ಬರುತ್ತದಂತೆ: ಬಣ್ಣ ಬದಲಿಸುವುದು, ಮಂಕು ಮಾಡುವುದು, ಇನ್ನೂ ಏನೇನೋ. ಎಲೆಕ್ಟ್ರಿಷಿಯನ್ ಅದನ್ನು ತಿರುಗಿಸಿ ನೋಡಿ ವಾಪಸ್ ಕೊಡುತ್ತಾರೆ. "ಇಷ್ಟೆಲ್ಲ ಬುದ್ಧಿವಂತಿಕೆ ಇದಕ್ಕೆ ಯಾಕೆ? ಎದ್ದವರಿಗೆ ಬೇಕಾಗಿರೋದು ಬೆಳಕು ಒಂದೇ."

ಆಮೇಲೆ ಚೀಲದಿಂದ ಹೊರಬರುವುದು ಅಡುಗೆಮನೆಯಲ್ಲಿ ಹಿಟ್ಟು ತೂಗುವ ಚಪ್ಪಟೆ ತಕ್ಕಡಿ. ಚಾಲಕರು ಅದರ ಮೇಲೆ ಹೆಬ್ಬೆರಳು ಒತ್ತಬೇಕು. ಮುನ್ನೂರ ಹತ್ತು ಗ್ರಾಂ. "ಬೇಕಾದಷ್ಟಾಯ್ತು" ಎಂದು ಎಲೆಕ್ಟ್ರಿಷಿಯನ್ ಬೆಂಕಿಪೊಟ್ಟಣದಷ್ಟು ದೊಡ್ಡ ಬಿಳಿ ಬಟನ್ ಒಂದನ್ನು ಗುರುತಿನ ಮೇಲೆ ಅಂಟಿಸುತ್ತಾರೆ. ತಂತಿ ಇಲ್ಲ, ಗೋಡೆ ಕೊರೆಯುವ ರಗಳೆ ಇಲ್ಲ. ಒಳಗೊಂದು ಚಪ್ಪಟೆ ಬ್ಯಾಟರಿ, ಅಷ್ಟೇ. ಅದೇ ದೀಪಕ್ಕೆ ಜೋಡಿಸಿದ ಇನ್ನೊಂದು ಬಟನ್ ಮಗಳ ಕೋಣೆಗೆ ಹೋಗುತ್ತದೆ. ಚಾಲಕರು ಒತ್ತುತ್ತಾರೆ. ಟಿಕ್. ತಲೆಯ ಮೇಲೆ ಬೆಳಕು. ಇನ್ನೊಮ್ಮೆ ಟಿಕ್, ಕತ್ತಲೆ. ಎಂಟು ತಿಂಗಳಿಂದ ದೀಪಕ್ಕೂ ಮಗಳನ್ನೇ ಕೂಗುತ್ತಿದ್ದ ಮನುಷ್ಯ ಏಳೆಂಟು ಸಲ ಹಾಕಿ ಆರಿಸಿ ಮಾಡುತ್ತಾರೆ. ಯಾರೂ ತಡೆಯುವುದಿಲ್ಲ.

ಈ ಎಲೆಕ್ಟ್ರಿಷಿಯನ್‌ಗೆ ಮಕ್ಕಳು ಇಟ್ಟ ಹೆಸರು 'ಟಿಕ್ ಮಾಮ'. ಮುಟ್ಟಿದರೆ ಸದ್ದಿಲ್ಲದೆ ಕೆಲಸ ಮಾಡುವ ಗಾಜಿನ ಬಟನ್‌ಗಳನ್ನು ಕಂಡರೆ ಅವರಿಗೆ ಆಗಿಬರುವುದಿಲ್ಲ. "ಬೆರಳಡಿ ಟಿಕ್ ಅನ್ಬೇಕು ಮೇಡಂ. ಆಗಲೇ ಒತ್ತಿದವರಿಗೆ ತಾವು ಒತ್ತಿದ್ದು ಗೊತ್ತಾಗೋದು." ಬಾಯಲ್ಲಿ ಹೇಳಿದರೆ ಹೊತ್ತುವ ದೀಪಗಳಿವೆಯಲ್ಲ ಎಂದರೆ ನಗುತ್ತಾರೆ. "ಲಕ್ವ ಹೊಡೆದವರ ಮಾತು ಹೆತ್ತ ಮಕ್ಕಳಿಗೇ ಅರ್ಥ ಆಗಲ್ಲ, ಬಲ್ಬಿಗೆ ಆಗುತ್ತಾ?"

ದಿನಕ್ಕೆ ಎರಡು ಮನೆ, ಹೆಚ್ಚೆಂದರೆ ಮೂರು. ಕೆಲಸ ಬೆಳಕು ಹರಿಯುವ ಮೊದಲೇ ಶುರುವಾಗಬೇಕು. "ಬೆಳಕಾದ್ರೆ ಕಣ್ಣು ನಡುವೆ ಬಾಯಿ ಹಾಕುತ್ತೆ. ಕತ್ತಲಲ್ಲಿ ಕೈ ಸುಳ್ಳು ಹೇಳಲ್ಲ." ಆರು ವರ್ಷದಲ್ಲಿ ಹೀಗೆ ಎಷ್ಟು ಹಾಸಿಗೆಗಳಿಗೆ ಬಟನ್ ಹಾಕಿದಿರಿ ಎಂದು ಕೇಳಿದರೆ, ಮುನ್ನೂರ ಎಂಬತ್ತರವರೆಗೆ ಹೆಂಡತಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾಳೆ ಎನ್ನುತ್ತಾರೆ. ಆಮೇಲೆ ಆಕೆಗೆ ಪೆನ್ನು ಹಿಡಿಯಲಾಗಲಿಲ್ಲ. ಅಲ್ಲಿಂದೀಚೆಗೆ ಲೆಕ್ಕ ಇಲ್ಲ.

ಟಿಕ್ ಮಾಮ ಓದಿದ್ದು ಮೂರನೇ ಕ್ಲಾಸು. ಅಕ್ಷರ ಅವರಿಗೆ ಅಷ್ಟಕ್ಕಷ್ಟೇ. ಮೂವತ್ತು ವರ್ಷದಿಂದ ಹೊಸ ಸಾಮಾನು ಬಂದಾಗಲೆಲ್ಲ ಪೆಟ್ಟಿಗೆಯೊಳಗಿನ ಕಾಗದವನ್ನು ಹೆಂಡತಿ ಓದಿ ಹೇಳುವುದು, ಅವರು ಕೇಳಿ ಜೋಡಿಸುವುದು. ಭಾನುವಾರದ ಪತ್ರಿಕೆಯೂ ಹಾಗೆಯೇ. ಒಂದು ಸಲ ಮಾತ್ರ ಈ ಪದ್ಧತಿ ತಪ್ಪಿತು, ಮತ್ತು ಆ ಒಂದು ಸಲದಿಂದ ಈ ಮನುಷ್ಯ ಇನ್ನೂ ಮೇಲೆದ್ದಿಲ್ಲ.

ಏಳು ವರ್ಷದ ಹಿಂದೆ ಹೆಂಡತಿಯ ಬೆರಳುಗಳು ಜೋಮು ಹಿಡಿಯತೊಡಗಿದವು. ನರದ ಕಾಯಿಲೆ, ಮುಂದಕ್ಕೆ ಹೋಗುತ್ತದೆಯೇ ಹೊರತು ಹಿಂದಕ್ಕೆ ಬರುವುದಿಲ್ಲ ಎಂದರು ವೈದ್ಯರು. ಆಗ ಟಿಕ್ ಮಾಮ ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ಚೆಂದದ ಗಾಜಿನ ಬಟನ್ ತಂದು ಮಂಚದ ಪಕ್ಕ ಹಾಕಿದರು. ಅಚ್ಚರಿ ಆಗಲಿ ಎಂದು ಕಾಗದ ಓದಿಸಲಿಲ್ಲ. ಜೋಮು ಹಿಡಿದ, ತಣ್ಣಗಾದ ಬೆರಳು ಮುಟ್ಟಿದರೆ ಕೆಲಸ ಮಾಡದೇ ಇರಬಹುದು ಎಂದು ಅದೇ ಕಾಗದದ ಕೊನೆಯಲ್ಲಿ ಅಚ್ಚಾಗಿತ್ತು. ನಾಲ್ಕನೇ ದಿನ ನಸುಕಿನಲ್ಲಿ ಆಕೆ ಮುಟ್ಟಿದರು, ಮುಟ್ಟಿದರು, ಬೆಳಕು ಬರಲಿಲ್ಲ. ಮುಟ್ಟಿದ್ದು ತಗುಲಿತೋ ಇಲ್ಲವೋ ಆ ಬೆರಳಿಗೆ ತಿಳಿಯಲೂ ಇಲ್ಲ. ಗೋಡೆಯ ಸ್ವಿಚ್ಚಿಗೆಂದು ಎದ್ದು ಬಿದ್ದರು. ಸೊಂಟದ ಮೂಳೆ ಮುರಿಯಿತು. ಮತ್ತೆ ನಡೆಯಲಿಲ್ಲ.

"ಊರವರ ಮನೆಗೆಲ್ಲ ಬೆಳಕು ಕೊಟ್ಟೆ. ನನ್ನ ಮನೇಲಿ ಅವಳನ್ನ ಕತ್ತಲಲ್ಲಿ ಬೀಳಿಸಿದೆ" ಎನ್ನುವಾಗ ಅವರು ನನ್ನ ಮುಖ ನೋಡುವುದಿಲ್ಲ. ಸೀಮೆಸುಣ್ಣ, ತಕ್ಕಡಿ, ಟಿಕ್, ಎಲ್ಲ ಹುಟ್ಟಿದ್ದು ಆ ಬೆಳಗ್ಗೆಯಿಂದ.

ಅವರ ಮನೆ ಎರಡು ಕೋಣೆಯದು. ಮಂಚ ಕಿಟಕಿಗೆ ಅಂಟಿಕೊಂಡಿದೆ. ಹೆಂಡತಿ ಒರಗಿ ಕೂತಿದ್ದಾರೆ, ಎದುರಿಗೆ ಪತ್ರಿಕೆ ನಿಲ್ಲಿಸಲು ಗಂಡ ಮಾಡಿಕೊಟ್ಟ ಮರದ ಹಲಗೆ. ಪುಟ ತಿರುಗಿಸುವುದು ಅವರು, ಓದುವುದು ಈಕೆ. ಮಂಚದ ಪಟ್ಟಿಯಲ್ಲಿ ಹಳೆಯ ಬಟನ್‌ಗಳ ಅಂಟಿನ ಕಲೆ ಮೂರಿವೆ. ಬೆರಳಿನ ಬಲ ಇಳಿದಂತೆಲ್ಲ ಇನ್ನೂ ಮೆತ್ತನೆಯದು ಹುಡುಕಿ ತಂದದ್ದು: ನಾನೂರು ಗ್ರಾಂ, ಇನ್ನೂರೈವತ್ತು, ನೂರ ಅರವತ್ತು. ಈಗಿನದಕ್ಕೆ ನೂರಿಪ್ಪತ್ತು ಸಾಕು. ಟಿಕ್ ಎನ್ನುವ ಬಟನ್‌ಗಳಲ್ಲಿ ಇದಕ್ಕಿಂತ ಮೆತ್ತನೆಯದು ಅವರಿಗೆ ಎಲ್ಲೂ ಸಿಕ್ಕಿಲ್ಲ.

ಈಚೆಗೆ ಬೆರಳು ತೂಗಿದ್ದು ಯಾವಾಗ ಎಂದು ಕೇಳುತ್ತೇನೆ. "ತೂಗಿಲ್ಲ ಮೇಡಂ" ಎಂದು ತಕ್ಕಡಿಯನ್ನು ಚೀಲದ ತಳಕ್ಕೆ ತಳ್ಳುತ್ತಾರೆ. "ತೂಗಿದ್ರೆ ಗೊತ್ತಾಗಿಬಿಡುತ್ತೆ."

ಊಟ, ಸ್ನಾನ, ತಲೆ ಬಾಚುವುದು, ಎಲ್ಲಕ್ಕೂ ಆಕೆಗೆ ಇನ್ನೊಬ್ಬರ ಕೈ ಬೇಕು. ತನ್ನದೆಂದು ಉಳಿದಿರುವುದು ಈ ದೀಪ ಒಂದೇ. "ಇದೊಂದಾದ್ರೂ ನನಗಿರಲಿ ಅಂದಿದ್ದಾಳೆ. ಇದೆ. ನೋಡಿ ಬೇಕಾದ್ರೆ" ಎಂದು ಟಿಕ್ ಮಾಮ ಪರದೆ ಎಳೆದು ಹೆಂಡತಿಯ ಪಕ್ಕ ಕೂರುತ್ತಾರೆ, ಬಲಗೈ ಪ್ಯಾಂಟಿನ ಜೇಬಿನಲ್ಲಿ. "ಹಾಕು ಕಣೇ, ಮೇಡಂ ನೋಡ್ಲಿ."

ಮಬ್ಬಿನಲ್ಲಿ ಆಕೆಯ ಬೆರಳು ಮೆಲ್ಲಗೆ ಹೊರಡುತ್ತದೆ, ಬಟನ್ ಮೇಲೆ ಕೂರುತ್ತದೆ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಟಿಕ್, ದೀಪ.

"ನೋಡಿದ್ರಾ? ಅವಳೇ!" ಎನ್ನುವ ಅವರ ಮುಖ ಆ ದಿನವೆಲ್ಲ ಅಷ್ಟು ಅರಳಿದ್ದನ್ನು ನಾನು ಕಂಡಿಲ್ಲ. "ನನಗೆ ಬೇರೆ ಏನೂ ಬೇಡ ಮೇಡಂ. ಇವಳು ಹೀಗೇ ಒತ್ತುತ್ತಾ ಇರ್ಲಿ, ಅಷ್ಟೇ." ಟೀ ಮಾಡಲು ಎದ್ದು ಒಳಗೆ ಹೋಗುತ್ತಾರೆ.

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ಆಗುವವರೆಗೂ ಆಕೆ ಕಾಯುತ್ತಾರೆ. ಆಮೇಲೆ ದನಿ ತಗ್ಗಿಸಿ, "ಟಿಕ್ ಅಂದಿದ್ದು ಎಲ್ಲಿಂದ, ಕೇಳಿಸ್ತಾ?" ಎನ್ನುತ್ತಾರೆ.

ನಾನು ಮಂಚದ ಪಟ್ಟಿಯ ಬಟನ್ ಕಡೆ ನೋಡುತ್ತೇನೆ.

"ಅವರ ಜೇಬಿಂದ. ರಾತ್ರಿ ಹೊತ್ತು ಅವರ ದಿಂಬಿನಡಿಯಿಂದ. ನನ್ನ ಕೈಲಿ ಆಗದೇ ಮೂರು ತಿಂಗಳಾಯ್ತು. ನನ್ನ ಕೈ ಬಟನ್ ಹತ್ರ ಹೋಗೋದನ್ನೇ ಕಾಯ್ತಾ ಇರ್ತಾರೆ, ಸರಿಯಾಗಿ ನಿದ್ದೆನೂ ಮಾಡಲ್ಲ."

"ನಿಮಗೆ ಗೊತ್ತಿದೆ ಅಂತ ಹೇಳಿಬಿಡಬಾರದಾ?"

"ಹೇಳಿದ್ರೆ ಅವತ್ತಿನ ಹಾಗೇ ಇನ್ನೊಂದ್ಸಲ ಕುಸಿದುಬಿಡ್ತಾರೆ. ಒಂದು ಸಲ ನೋಡಿದ್ದು ಸಾಕು ನನಗೆ."

ಹಾಗಿದ್ದರೆ ಇದನ್ನು ಬರೆಯುವುದಿಲ್ಲ ಎನ್ನುತ್ತೇನೆ. ಆಕೆ ಎದುರಿನ ಮರದ ಹಲಗೆಯನ್ನು ನೋಡಿ ನಗುತ್ತಾರೆ.

"ಬರೀರಿ. ಅವರು ಮಾಡ್ತಿರೋದು ನಾಲ್ಕು ಜನಕ್ಕೆ ಗೊತ್ತಾಗ್ಲಿ. ಭಾನುವಾರ ಪೇಪರ್ ಓದಿ ಹೇಳೋಳು ನಾನೇ ಅಲ್ವಾ? ಈ ಜಾಗ ಬಂದಾಗ ಬಿಟ್ಟು ಓದ್ತೀನಿ."